ನಲ್ಲಿಯವರೆಗೆ ಎಳೆದ ವೈರು

ಮೀನಾ ಆ ಸುದ್ದಿಯನ್ನು ಓದಿ ಮುಗಿಸಲು ಹಿಡಿದದ್ದು ಹೆಚ್ಚೆಂದರೆ ಹತ್ತು ಸೆಕೆಂಡು. "ಬಸವನಗುಡಿ, ಚಾಮರಾಜಪೇಟೆ, ತ್ಯಾಗರಾಜನಗರ ಹಾಗೂ ಮಾವಳ್ಳಿಗೆ ಪ್ರತಿದಿನ ಬೆಳಿಗ್ಗೆ ಮತ್ತು ಸಂಜೆ ನೀರು ಪೂರೈಸಲಾಗುತ್ತಿದ್ದು, ಸಾರ್ವಜನಿಕರು ವದಂತಿಗಳಿಗೆ ಕಿವಿಗೊಡಬಾರದೆಂದು ನೀರಿನ ಕಚೇರಿಯ ಅಧಿಕಾರಿಗಳು ತಿಳಿಸಿದ್ದಾರೆ." ಓದಿದಳು, ಅಭ್ಯಾಸದಂತೆ ಒಂಚೂರು ನಕ್ಕಳು, ಮುಂದಿನ ಕಾಗದ ತೆಗೆದಳು. ಮುಂದಿನದು ಉಚಿತ ದಂತ ತಪಾಸಣಾ ಶಿಬಿರದ ಸುದ್ದಿ.

ಹಾಗಂತ ಅವಳೇನು ಸುಳ್ಳುಗಾತಿಯಲ್ಲ. ಅವಳ ಮನೆ ಇದ್ದದ್ದು ಅದೇ ಮಾವಳ್ಳಿಯಲ್ಲಿ. ಓಣಿಯ ಬೀದಿ ನಲ್ಲಿಗೆ ಒಂಬತ್ತು ದಿನದಿಂದ ಒಂದು ತೊಟ್ಟು ನೀರು ಬಂದಿರಲಿಲ್ಲ. ಅವತ್ತು ಬೆಳಿಗ್ಗೆ ಒಂದೂವರೆ ಚೊಂಬು ನೀರಿನಲ್ಲಿ ಮುಖ ಕೈಕಾಲು ಒರೆಸಿಕೊಂಡು, ಮೇಲೆ ಪೌಡರು ಬಳಿದುಕೊಂಡು ಸ್ಟುಡಿಯೋಗೆ ಬಂದವಳೇ ಅವಳು. ಆದರೆ ಕೈಗೆ ಕೊಟ್ಟ ಕಾಗದವನ್ನು ತಡವರಿಸದೆ ಓದುವುದನ್ನು ಎರಡು ವರ್ಷ ಅಭ್ಯಾಸ ಮಾಡಿದವರಿಗೆ ಕಣ್ಣಿನಿಂದ ಬಾಯಿಗೆ ನೇರ ದಾರಿ ಬಿದ್ದುಬಿಟ್ಟಿರುತ್ತದೆ. ತಲೆಯ ಕಡೆ ಹೋಗುವ ಪ್ರಮೇಯವೇ ಬರುವುದಿಲ್ಲ.

ಇದು ಸಾವಿರದ ಒಂಬೈನೂರ ತೊಂಬತ್ತೊಂಬತ್ತರ ಮಾಘಮಾಸದ ಮಾತು. ಗಾಂಧಿಬಜಾರಿನ ಹಿಂದಿನ ಬೀದಿಯಲ್ಲಿ, ಒಂದು ಸ್ಟೇಷನರಿ ಅಂಗಡಿಯ ಮೇಲೆ, 'ನೆರೆಹೊರೆ' ಎಂಬ ಕೇಬಲ್ ಚಾನೆಲ್ ಇತ್ತು. ಸಂಜೆ ಏಳೂವರೆಯಿಂದ ಎಂಟರವರೆಗೆ ಸುದ್ದಿ, ಆಮೇಲೆ ಸಿನಿಮಾ ಹಾಡು. ಮಾಲೀಕರು ಪಂಚಾಕ್ಷರಯ್ಯ. ಮನೆಮನೆಗೆ ಕೇಬಲ್ ಎಳೆಯುವ ಕೆಲಸದಿಂದ ಮೇಲೆ ಬಂದ ಮನುಷ್ಯ. ಸುದ್ದಿ ಬರೆಯುವವರೂ ಅವರೇ. ಬರೆಯುವುದೆಂದರೇನು, ಮೇಜಿನ ಮೇಲಿನ ಫೋನು ಎತ್ತಿ ಆಯಾ ಕಚೇರಿಯನ್ನು ಕೇಳುವುದು, ಅವರು ಹೇಳಿದ್ದನ್ನು ಗೀಚಿಕೊಳ್ಳುವುದು. ಸುದ್ದಿಯ ಜೊತೆ ತೋರಿಸಲು ಕಪಾಟಿನಲ್ಲಿ ಟೇಪುಗಳಿದ್ದವು. ನೀರಿನ ಸುದ್ದಿಗೆ ಒಂದು ಸುರಿಯುವ ನಲ್ಲಿ, ರಸ್ತೆ ಸುದ್ದಿಗೆ ಒಂದು ಗುಂಡಿ, ಬೆಲೆಯೇರಿಕೆಗೆ ಒಂದು ಈರುಳ್ಳಿ ರಾಶಿ. ವರ್ಷಗಟ್ಟಲೆ ಅವೇ.

ಮೀನಾ ತಾನು ಓದಿದ್ದೇನೆಂದು ತಿಳಿದುಕೊಂಡದ್ದು ಮನೆಯ ಹೊಸ್ತಿಲಲ್ಲಿ. ಅವಳ ತಾಯಿ ನಾರಾಯಣಮ್ಮ ಆಸ್ಪತ್ರೆಯಲ್ಲಿ ಆಯಾ ಕೆಲಸ ಮಾಡುತ್ತಿದ್ದರು. ಮಗಳು ಟೀವಿಯಲ್ಲಿ ಬರುತ್ತಾಳೆ ಎನ್ನುವುದು ಅವರಿಗಿದ್ದ ಒಂದೇ ಒಂದು ಜಂಬ. ಏಳೂವರೆಯಾದರೆ ಓಣಿಯ ಹೆಂಗಸರೆಲ್ಲ ಅವರ ಮನೆಯಲ್ಲೇ ಸೇರುತ್ತಿದ್ದರು. ಮೀನಾ ವಾಪಸು ಬರುವ ಹೊತ್ತಿಗೂ ಹೊಸ್ತಿಲಾಚೆ ಏಳೆಂಟು ಜೊತೆ ಚಪ್ಪಲಿ ಬಿದ್ದಿರುತ್ತಿದ್ದವು. ಅವತ್ತು ಒಂದೂ ಇರಲಿಲ್ಲ.

"ಬಂದ್ಯಾ? ಹೋಗು, ಸ್ನಾನ ಮಾಡ್ಕೋ," ಎಂದರು ನಾರಾಯಣಮ್ಮ, ತಲೆ ಎತ್ತದೆ.

"ನೀರೆಲ್ಲಿದೆ ಅಮ್ಮಾ?"

"ಎರಡೊತ್ತೂ ಬತ್ತೈತಂತಲ್ಲ. ಟೀವೀಲಿ ಹೇಳಿದ್ರು."

ಮೀನಾಳಿಗೆ ಆಗ ಹೊಳೆಯಿತು. ಅಯ್ಯೋ ಶಿವನೇ, ಓದಿದ್ದು ತಾನೇ! "ಅಮ್ಮಾ, ಅದು ಅವರು ಬರ್ಕೊಟ್ಟಿದ್ದು, ನಾನು ಬರೀ..."

"ಬರೀ ಓದ್ದೆ. ಗೊತ್ತು ಬಿಡು. ಕೊಡ ಅಲ್ಲೇ ಬಿದ್ದಿತ್ತು ಬೆಳಿಗ್ಗೆ, ನೀನೇ ದಾಟ್ಕೊಂಡು ಹೋದೆ. ಅಕ್ಷರ ಕಾಣ್ತಂತೆ, ಕೊಡ ಕಾಣ್ಲಿಲ್ವಂತೆ." ಅಷ್ಟು ಹೇಳಿ ನಾರಾಯಣಮ್ಮ ಒಳಗೆ ಹೋದರು. ಮಾರನೇ ದಿನದಿಂದ ಆ ಮನೆಯಲ್ಲಿ ಟೀವಿ ಹಾಕುವುದು ನಿಂತಿತು.

ಓಣಿಯವರೂ ಬಿಡಲಿಲ್ಲ. ಎದುರುಮನೆಯ ಮುನಿಯಮ್ಮ ದಿನಾ ಬೆಳಿಗ್ಗೆ ಎರಡು ಕೊಡ ಹೊತ್ತು ಅರ್ಧ ಮೈಲಿ ನಡೆಯುವವಳು. ಅವಳ ನಾಲಿಗೆಗೇನು ದಣಿವೇ? "ಮೀನಾ, ನಾಳೆ ಮಳೆ ಬತ್ತದೆ ಅಂತ್ಲೂ ಒಂದ್ ಕಿತ ಓದ್ಬಿಡವ್ವ, ಪಾತ್ರೆ ಎಲ್ಲಾ ಹೊರಗೆ ಇಟ್ಬಿಡ್ತೀವಿ," ಎಂದಳು. ಎಲ್ಲರೂ ನಕ್ಕರು. ಮೀನಾಳೂ ನಕ್ಕಳು, ಬೇರೇನು ಮಾಡುತ್ತಾಳೆ. ಆದರೆ ತನ್ನ ಬಾಯಿಂದ ಬಂದ ಮಾತನ್ನು ಆ ಓಣಿ ಮತ್ತೆ ನಂಬಬೇಕು, ಅದಕ್ಕೂ ಮುಂಚೆ ಅಮ್ಮ ನಂಬಬೇಕು. ಅವಳಿಗೆ ಬೇಕಾಗಿದ್ದದ್ದು ಅಷ್ಟೇ.

ನೀರು ಯಾಕೆ ಬರುತ್ತಿಲ್ಲ ಎಂಬುದು ಮಾವಳ್ಳಿಯ ಕೂಸಿಗೂ ಗೊತ್ತಿತ್ತು. ಬೀದಿ ಕೊನೆಯಲ್ಲಿ ಹೊಸದೊಂದು ಕಲ್ಯಾಣಮಂಟಪ ಆಗಿತ್ತು. ಮಾಘಮಾಸವೆಂದರೆ ದಿನಾ ಒಂದು ಮದುವೆ. ಓಣಿಯ ವಾಲ್ವು ಮುಚ್ಚಿದರೆ ಅಲ್ಲಿಯ ತೊಟ್ಟಿ ಬೇಗ ತುಂಬುತ್ತಿತ್ತು. ಉದ್ದನೆಯ ಕಬ್ಬಿಣದ ಕೀಲಿ ಹೆಗಲ ಮೇಲಿಟ್ಟುಕೊಂಡು ಬಂದು ವಾಲ್ವು ತಿರುಗಿಸುವವನು ದೊಡ್ಡಬೈರಪ್ಪ. ಅವನಿಗೆ ಮುಚ್ಚು ಎನ್ನುವವರು ನೀರಿನ ಕಚೇರಿಯ ಎಂಜಿನಿಯರ್ ರಾಮಸ್ವಾಮಿ. ಎಲ್ಲರಿಗೂ ಗೊತ್ತಿತ್ತು, ತೋರಿಸುವ ದಾರಿ ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಮೀನಾ ಮೊದಲು ಟೇಪಿನ ದಾರಿ ಹಿಡಿದಳು. ಕ್ಯಾಮೆರಾಮನ್ ವಂಶಿಯನ್ನು ಕರೆದುಕೊಂಡು ಹೋಗಿ ಒಣಗಿದ ನಲ್ಲಿಯನ್ನು ಚಿತ್ರೀಕರಿಸಿ ಸುದ್ದಿಯಲ್ಲಿ ತೋರಿಸಿದಳು. ಐದೇ ನಿಮಿಷಕ್ಕೆ ಪಂಚಾಕ್ಷರಯ್ಯನವರಿಗೆ ರಾಮಸ್ವಾಮಿಯವರ ಫೋನು ಬಂತು. "ನೀರು ಬಿಡೋ ಹೊತ್ತು ಬಿಟ್ಟು ಬೇರೆ ಹೊತ್ತಲ್ಲಿ ಹೋಗಿ ತೆಗೆದ್ರೆ ಒಣಗೇ ಇರುತ್ತೆ ಸ್ವಾಮಿ. ಯಾವತ್ತು ತೆಗೆದಿದ್ದೋ, ಯಾರಿಗೆ ಗೊತ್ತು? ಇನ್ನೊಂದ್ ಮಾತು. ನೀರಿನ ಸುದ್ದಿ ಬಂದಾಗಲೆಲ್ಲ ನೀವು ಒಂದು ನಲ್ಲಿ ತೋರಿಸ್ತೀರಲ್ಲ, ಅದು ತ್ಯಾಗರಾಜನಗರದಲ್ಲಿ ನಮ್ಮನೆ ಎದುರಿಗಿದ್ದದ್ದು. ಕಿತ್ತುಹಾಕಿ ಒಂದೂವರೆ ವರ್ಷ ಆಯ್ತು. ನಿಮ್ಮ ಟೀವೀಲಿ ಇನ್ನೂ ಸುರೀತಾನೇ ಇದೆ!"

ಪಂಚಾಕ್ಷರಯ್ಯ ಫೋನಿಟ್ಟರು. ಸಿಟ್ಟು ಬಂದಿತ್ತು, ಆದರೆ ಸಿಟ್ಟು ಮಾಡಿಕೊಳ್ಳಲು ಆಧಾರ ಸಿಗುತ್ತಿರಲಿಲ್ಲ. ಆ ಮನುಷ್ಯ ಹೇಳಿದ್ದರಲ್ಲಿ ನಲ್ಲಿಯ ಮಾತೊಂದು ಅಪ್ಪಟ ನಿಜ.

"ಸಾರ್, ಲೈವ್ ಮಾಡೋಣ," ಎಂದಳು ಮೀನಾ. "ಅವರು ಸ್ಟುಡಿಯೋಲಿ ಕೂತಿರ್ಲಿ, ನಾನು ನಲ್ಲಿ ಹತ್ರ ನಿಂತಿರ್ತೀನಿ. ಯಾವತ್ತು ತೆಗೆದಿದ್ದು ಅನ್ನೋ ಮಾತೇ ಬರಲ್ಲ."

"ಲೈವಾ?" ಪಂಚಾಕ್ಷರಯ್ಯ ಕನ್ನಡಕ ತೆಗೆದರು. "ಲೈವಿಗೆ ಅಂತ ಆ ಉದ್ದನೆ ವೈರು ತಂದಿದ್ದು ರಾಮೋತ್ಸವದ ಸಂಗೀತ ಕಛೇರಿಗೆ ಕಣಮ್ಮ. ವಿದ್ವಾಂಸರು ಹಾಡೋದನ್ನ ನೇರ ತೋರಿಸಿದ್ವಿ, ಮರ್ಯಾದೆಯ ಕೆಲಸ. ಬೀದಿ ನಲ್ಲೀನ ನೇರ ತೋರಿಸಿದ್ರೆ ಜನ ಏನಂತಾರೆ?"

"ಅವರ ಮನೆ ಎದುರಿನ ಕಿತ್ತುಹೋದ ನಲ್ಲೀನ ಒಂದೂವರೆ ವರ್ಷದಿಂದ ತೋರಿಸ್ತಿದೀವಲ್ಲ ಸಾರ್."

ವಂಶಿ ಕಪಾಟಿನ ಕಡೆ ತಿರುಗಿ ನಗು ನುಂಗಿಕೊಂಡ. ಪಂಚಾಕ್ಷರಯ್ಯ ಕನ್ನಡಕ ಹಾಕಿಕೊಂಡು ಎಂಜಿನಿಯರಿಗೆ ಫೋನು ಮಾಡಿದರು. ಗುರುವಾರ ಸ್ಟುಡಿಯೋಗೆ ದಯಮಾಡಿಸಬೇಕು, ನಮ್ಮ ಹುಡುಗಿ ನಲ್ಲಿಯ ಹತ್ತಿರವೇ ಇರುತ್ತಾಳೆ ಎಂದರು. ರಾಮಸ್ವಾಮಿ, ಸಂತೋಷವಾಗಿ ಬರ್ತೀನಿ ಎಂದರು. ಅತಿಥಿಗೆ ಮುಂಚಿತವಾಗಿ ಎಲ್ಲ ತಿಳಿಸಿಯೇ ಕರೆಯುವುದು ಬಸವನಗುಡಿಯ ಶಿಷ್ಟಾಚಾರ. ಅದರಲ್ಲಿ ಏನಾದರೂ ಎಡವಟ್ಟಾಗಬಹುದೆಂದು ಯಾರಿಗೂ ಹೊಳೆಯಲಿಲ್ಲ, ಮೀನಾಳಿಗೂ.

ಆ ಕಾಲದ ಕೇಬಲ್ ಚಾನೆಲ್ಲಿನ ನೇರಪ್ರಸಾರವೆಂದರೆ ವೈರು ಹೋದಷ್ಟು ದೂರ. ಆಫೀಸಿನಿಂದ ಮಾವಳ್ಳಿಯ ಮೂಲೆಯ ಕಂಬದವರೆಗೆ ಹಳೆಯ ಲೈನು ಇತ್ತು. ಅಲ್ಲಿಂದ ನಲ್ಲಿಯವರೆಗೆ ಹೊಸದಾಗಿ ಎಳೆಯಬೇಕು. ಗುರುವಾರ ಮಧ್ಯಾಹ್ನ ವಂಶಿ ಡ್ರಮ್ಮಿನಿಂದ ಕಪ್ಪು ವೈರು ಬಿಚ್ಚುತ್ತಾ ಮಾಡಿನಿಂದ ಮಾಡಿಗೆ ಹಾಯಿಸಿದ. ಒಂದು ಕಡೆ ಬಟ್ಟೆ ಒಣಹಾಕುವ ಹಗ್ಗಕ್ಕೆ ಸುತ್ತಿದ, ಒಂದು ಕಡೆ ನುಗ್ಗೆಮರದ ಕೊಂಬೆಗೆ ಸಿಕ್ಕಿಸಿದ. ನಲ್ಲಿಯ ಪಕ್ಕದ ಕಲ್ಲಿನ ತನಕ ಬಂದ ವೈರು ಅಲ್ಲಿಗೆ ಸರಿಯಾಗಿ ಮುಗಿಯಿತು. ಸ್ಟುಡಿಯೋದ ಮಾತು ಮೀನಾಳಿಗೆ ಕೇಳಿಸಲು ಮುನಿಯಮ್ಮನ ಮನೆಯ ಟೀವಿಯನ್ನೇ ಕಿಟಕಿಯ ಕಡೆ ತಿರುಗಿಸಿ ಇಟ್ಟರು.

ನಾರಾಯಣಮ್ಮ ಕೆಲಸದಿಂದ ಬಂದವರು ಈ ಸಂಭ್ರಮವನ್ನೆಲ್ಲ ನೋಡಿ, ನೆಟ್ಟಗೆ ಒಳಗೆ ಹೋದರು. ಮೀನಾ ಬಾಗಿಲತ್ತ ಎರಡು ಸಲ ನೋಡಿದಳು. ನಲ್ಲಿ ತಿರುಗಿಸುತ್ತೇನೆ, ಗಾಳಿಯೂ ಬರುವುದಿಲ್ಲ, ಇಡೀ ಬಸವನಗುಡಿ ನೋಡುತ್ತದೆ, ಅಮ್ಮನೂ ನೋಡುತ್ತಾಳೆ. ಹೀಗೆ ಅಂದುಕೊಂಡು ಆಡಬೇಕಾದ ಮಾತನ್ನೆಲ್ಲ ಬಾಯಿಪಾಠ ಮಾಡಿಟ್ಟುಕೊಂಡಿದ್ದಳು.

ಏಳೂವರೆಗೆ ಸುದ್ದಿ ಶುರುವಾಯಿತು. ಕಿಟಕಿಯ ಟೀವಿಯಲ್ಲಿ ಪಂಚಾಕ್ಷರಯ್ಯ ಕೋಟು ಹಾಕಿಕೊಂಡು ಕೂತಿದ್ದರು, ಪಕ್ಕದಲ್ಲಿ ರಾಮಸ್ವಾಮಿ.

"ಮಾವಳ್ಳಿಗೆ ನೀರು ಬರ್ತಿಲ್ಲ ಅಂತ ದೂರಿದೆಯಲ್ಲ ಸಾರ್?"

"ಶುದ್ಧ ಸುಳ್ಳು. ಈ ಕ್ಷಣದಲ್ಲಿ ಬೇಕಾದ್ರೂ ಪರೀಕ್ಷೆ ಮಾಡಿ."

"ಮೀನಾ, ನಲ್ಲಿ ತಿರುಗಿಸಿ ನೋಡಮ್ಮ."

ಮೀನಾ ತಿರುಗಿಸಿದಳು. ನಲ್ಲಿ ಒಮ್ಮೆ ಕೆಮ್ಮಿತು. ಬುಸ್ಸೆಂದು ಗಾಳಿ ಉಗುಳಿತು, ಆಮೇಲೆ ಕೆಂಪಗೆ ತುಕ್ಕಿನ ನೀರು, ಆಮೇಲೆ ದಬದಬನೆ ತಿಳಿನೀರು. ಎರಡು ತಿಂಗಳಲ್ಲಿ ಅಂಥ ಧಾರೆಯನ್ನು ಆ ಓಣಿ ಕಂಡಿರಲಿಲ್ಲ. ಬೀದಿ ತುದಿಯಲ್ಲಿ ದೊಡ್ಡಬೈರಪ್ಪ ಕೀಲಿಯನ್ನು ಹೆಗಲಿಗೇರಿಸಿಕೊಂಡು ಈ ಕಡೆಯೇ ನೋಡುತ್ತ ನಿಂತಿದ್ದ.

ಕಿಟಕಿಯ ಟೀವಿಯಲ್ಲಿ ರಾಮಸ್ವಾಮಿ ಜೋರಾಗಿ ನಕ್ಕರು. ಮೀನಾಳಿಗೆ ಈಗ ಅರ್ಥವಾಯಿತು. ಎಂಥ ಪೆದ್ದಿ ತಾನು! ಬರುತ್ತೇವೆ ಅಂತ ಡಂಗೂರ ಹೊಡೆದು ಬಂದರೆ ನೀರು ಬಾರದೇ ಇರುತ್ತದೆಯೇ? ಬಾಯಿಪಾಠ ಮಾಡಿದ ಒಂದು ಮಾತೂ ಕೆಲಸಕ್ಕೆ ಬರುವಂತಿರಲಿಲ್ಲ. ನೀರು ಬರುತ್ತಿರುವಾಗ ಬರುತ್ತಿಲ್ಲ ಅನ್ನುವುದಕ್ಕೆ ಬಾಯಿ ಬರಲಿಲ್ಲ.

"ನೀರು ಬರ್ತಾ ಇದೆ," ಎಂದಳು. ಅಷ್ಟೇ ನಿಜವಾಗಿತ್ತು.

ಆಗಲೇ ಓಣಿ ಎದ್ದು ಬಂದಿತ್ತು. ಕೊಡ, ಬಕೆಟು, ಅನ್ನದ ಪಾತ್ರೆ, ಮಗುವಿನ ಸ್ನಾನದ ಟಬ್ಬು. ಟೀವಿಯ ಹುಡುಗಿ, ಕ್ಯಾಮೆರಾ, ಎಂಜಿನಿಯರ್ ಯಾರೂ ಯಾರ ಕಣ್ಣಿಗೂ ಬೀಳಲಿಲ್ಲ. ವಂಶಿ ಪಕ್ಕಕ್ಕೆ ಸರಿಯಲೆಂದು ಕ್ಯಾಮೆರಾ ಎತ್ತಿದ. ಅದೇ ಗಳಿಗೆಗೆ ನಾರಾಯಣಮ್ಮ ಎರಡು ಕೊಡ ಹಿಡಿದು ಬಂದರು.

"ಅದನ್ನ ತೆಗೀಬೇಡಪ್ಪಾ! ಅಲ್ಲೇ ಮಡಗು. ನೀನ್ ತೆಗುದ್ರೆ ನೀರೂ ನಿಂತೋಯ್ತದೆ."

ಅವರು ಹೇಳಿದ್ದು ವಂಶಿಗೆ. ಮೀನಾಳ ಕೈಯಲ್ಲಿ ಮೈಕು ಇತ್ತು. ಮಾತು ವೈರಿನೊಳಗೆ ಇಳಿದು ಮನೆಮನೆಗೂ ಹೋಯಿತು.

ಸ್ಟುಡಿಯೋದಲ್ಲಿ ಪಂಚಾಕ್ಷರಯ್ಯ ನಿಧಾನಕ್ಕೆ ಎಂಜಿನಿಯರ್ ಕಡೆ ತಿರುಗಿದರು. "ಏನ್ ಸಾರ್, ಹೌದಾ?"

"ಏನ್ರೀ ಇದು, ತಲೆಹರಟೆ ಮಾತು! ನೀರು ಅದರ ಪಾಡಿಗೆ ಬರುತ್ತೆ."

"ಹಾಗಾದ್ರೆ ತೊಂದರೆ ಇಲ್ಲ. ನೋಡೇ ಬಿಡೋಣ. ವಂಶಿ, ಕ್ಯಾಮೆರಾ ಅಲ್ಲೇ ಇರ್ಲಿ. ಹಾಡಿನ ಕಾರ್ಯಕ್ರಮ ಇವತ್ತಿಲ್ಲ." ಕೇಬಲ್ ಎಳೆಯುತ್ತ ಕಂಬ ಹತ್ತಿದ ಮನುಷ್ಯನ ಹಟ ಅದು, ಕೋಟು ಹಾಕಿದರೆ ಎಲ್ಲಿಗೆ ಹೋದೀತು?

ಅಲ್ಲಿಂದ ಮುಂದೆ ಮೀನಾಳಿಗೆ ಓದಲು ಕಾಗದವಿರಲಿಲ್ಲ. ಕಣ್ಣಿಗೆ ಕಂಡದ್ದನ್ನು ಹೇಳತೊಡಗಿದಳು. ಮುನಿಯಮ್ಮ, ಎರಡು ಕೊಡ, ಒಂದು ಬಕೆಟು. ಹದಿನೈದು ದಿನದ ಮೇಲೆ ಬಟ್ಟೆ ಒಗೆಯುತ್ತಾಳಂತೆ. ಮೂಲೆಮನೆಯ ಬಾಣಂತಿಯ ಪರವಾಗಿ ಅವರ ಅತ್ತೆ ಬಂದಿದ್ದಾರೆ, ಸಾಲಿನವರು ಅವರಿಗೆ ನಾಲ್ಕು ಕೊಡ ಬಿಟ್ಟುಕೊಟ್ಟರು. ನಾರಾಯಣಮ್ಮ, ನನ್ನ ತಾಯಿ, ಎರಡು ಕೊಡ. ಇಲ್ಲಿ ಇನ್ನೂ ಮೂವತ್ತು ಜನ ನಿಂತಿದ್ದಾರೆ. ಬೀದಿ ತುದಿಯಲ್ಲಿ ವಾಲ್ವಿನ ಕೀಲಿ ಹಿಡಿದವರೊಬ್ಬರು ನಿಂತಿದ್ದಾರೆ, ಅವರು ಇನ್ನೂ ಮನೆಗೆ ಹೋಗಿಲ್ಲ. ಹೀಗೆ ಎಂಟು ಗಂಟೆ ದಾಟಿತು, ಎಂಟೂವರೆಯಾಯಿತು. ಊಟದ ತಟ್ಟೆ ಮುಂದಿಟ್ಟುಕೊಂಡು ಬಸವನಗುಡಿಯವರು ಒಂದು ನಲ್ಲಿಯನ್ನು ನೋಡಿದರು. ಸ್ಟುಡಿಯೋದ ಫೋನು ಬಿಡುವಿಲ್ಲದೆ ಹೊಡೆದುಕೊಂಡಿತು. ರಾಮಸ್ವಾಮಿ ಎರಡು ಸಲ ಗಡಿಯಾರ ನೋಡಿಕೊಂಡರು, ಎದ್ದು ಹೋಗುವುದು ಹೇಗೆಂದು ತಿಳಿಯದೆ ಕೂತೇ ಇದ್ದರು.

ಎಂಟು ನಲವತ್ತಕ್ಕೆ ಮಾವಳ್ಳಿಯ ಕರೆಂಟು ಹೋಯಿತು.

ಕ್ಯಾಮೆರಾ ಆರಿತು, ಕಿಟಕಿಯ ಟೀವಿ ಆರಿತು. ಯಾರೋ ಸೀಮೆಎಣ್ಣೆ ಬುಡ್ಡಿ ತಂದರು. ಆ ಬೆಳಕಿನಲ್ಲಿ ಮೀನಾ ನಲ್ಲಿಯನ್ನೇ ನೋಡುತ್ತಿದ್ದಳು. ಒಂದು ನಿಮಿಷ ಧಾರೆ ಹಾಗೇ ಇತ್ತು. ಆಮೇಲೆ ಸಣ್ಣಗಾಯಿತು, ದಾರದಷ್ಟಾಯಿತು, ತೊಟ್ಟಿಕ್ಕಿತು. ವಂಶಿಯ ಗಡಿಯಾರದಲ್ಲಿ ಎಂಟು ನಲವತ್ತಮೂರು. ಬೀದಿ ತುದಿಯಲ್ಲಿ ಕಬ್ಬಿಣಕ್ಕೆ ಕಬ್ಬಿಣ ತಾಗಿದ ಸದ್ದು ಎಲ್ಲರಿಗೂ ಕೇಳಿಸಿತ್ತು. ಸಾಲಿನಲ್ಲಿ ಇನ್ನೂ ಹನ್ನೊಂದು ಜನರಿದ್ದರು.

"ಕಂಡ್ಯಾ?" ಎಂದರು ನಾರಾಯಣಮ್ಮ.

"ಕಂಡೆ ಅಮ್ಮಾ."

"ಕಂಡಿದ್ ಏನ್ ಬಂತು? ಇದು ಟೀವೀಲಿ ಬರ್ಲಿಲ್ಲ." ಕೊಡ ಸೊಂಟಕ್ಕಿಟ್ಟುಕೊಂಡು ಅವರು ಮನೆಯ ಕಡೆ ನಡೆದರು.

ಮಾರನೇ ದಿನ ಮೀನಾ ಆಫೀಸಿಗೆ ಹೋದಾಗ ಮೇಜಿನ ಮೇಲೆ ಅವಳು ಓದಬೇಕಾದ ಕಾಗದ ಸಿದ್ಧವಾಗಿತ್ತು. ನೀರಿನ ಕಚೇರಿಯ ಹೇಳಿಕೆ: ಮಾವಳ್ಳಿಗೆ ನೀರು ಬರುತ್ತಿರುವುದನ್ನು ನಿಮ್ಮ ಚಾನೆಲ್ಲೇ ಒಂದು ಗಂಟೆಗೂ ಹೆಚ್ಚು ಕಾಲ ತೋರಿಸಿದೆ, ವಿಷಯ ಇಲ್ಲಿಗೆ ಮುಗಿಯಿತು. ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ, ಅದೇ ಅವಳಿಗೆ ಉರಿದದ್ದು.

ಸಂಜೆ ಏಳೂವರೆಗೆ ಅವಳು ಆ ಕಾಗದವನ್ನು ಪೂರ್ತಿ ಓದಿದಳು, ಓದಿ ಮಗುಚಿ ಇಟ್ಟಳು.

"ನಿನ್ನೆ ಎಂಟು ನಲವತ್ತಕ್ಕೆ ಕರೆಂಟು ಹೋಗಿ ನಮ್ಮ ಕ್ಯಾಮೆರಾ ನಿಂತಿತು. ಎಂಟು ನಲವತ್ತಮೂರಕ್ಕೆ ನೀರು ನಿಂತಿತು. ಹನ್ನೊಂದು ಜನ ಖಾಲಿ ಕೊಡ ಹಿಡಿದು ವಾಪಸು ಹೋದರು. ಇದನ್ನು ತೋರಿಸುವುದಕ್ಕೆ ನಮ್ಮ ಹತ್ತಿರ ಚಿತ್ರ ಇಲ್ಲ. ನಾನು ಅಲ್ಲಿ ನಿಂತಿದ್ದೆ, ನಾನು ನೋಡಿದೆ. ಇನ್ನೊಂದು ಮಾತು. ಹೋದ ವಾರ ಇದೇ ಜಾಗದಲ್ಲಿ ಕೂತು, ಮಾವಳ್ಳಿಗೆ ದಿನಾ ನೀರು ಬರುತ್ತದೆ ಅಂತ ಓದಿದವಳೂ ನಾನೇ. ನನ್ನ ಮನೆ ಅದೇ ಓಣಿಯಲ್ಲಿದೆ. ಆ ಬೆಳಿಗ್ಗೆ ನಮ್ಮ ಮನೆಯ ಕೊಡ ಖಾಲಿ ಬಿದ್ದಿದ್ದನ್ನು ನೋಡಿ, ದಾಟಿಕೊಂಡು ಬಂದು ಓದಿದೆ. ತಪ್ಪಾಯಿತು."

ಕ್ಯಾಮೆರಾದ ಹಿಂದೆ ವಂಶಿ ಬಾಯಿ ತೆರೆದು ನಿಂತಿದ್ದ. ಮೀನಾ ಮುಂದಿನ ಕಾಗದ ತೆಗೆದು, ಪುಷ್ಪ ಪ್ರದರ್ಶನದ ಸುದ್ದಿ ಓದಿದಳು.

ಸುದ್ದಿ ಮುಗಿದ ಮೇಲೆ, ಕೆಲಸ ಹೋಯಿತು ಅಂದುಕೊಂಡೇ ಪಂಚಾಕ್ಷರಯ್ಯನವರ ಎದುರು ಹೋಗಿ ನಿಂತಳು. ಅವರು ಬಹಳ ಹೊತ್ತು ಕನ್ನಡಕ ಒರೆಸಿದರು.

"ಹೋದ ವಾರದ ಆ ಕಾಗದ ಬರೆದೋನು ನಾನು ಕಣಮ್ಮ. ಓದಿದೋಳು ತಪ್ಪಾಯ್ತು ಅಂದ್ಬಿಟ್ಟೆ. ಬರೆದೋನು ಏನನ್ಬೇಕು?" ಕನ್ನಡಕ ಹಾಕಿಕೊಂಡರು. "ಹೋಗು, ವಂಶಿ ಜೊತೆ ಹೋಗಿ ವೈರು ಸುತ್ಕೊಂಡು ಬನ್ನಿ. ಇಡೀ ದಿನ ಅಲ್ಲೇ ನೇತಾಡ್ತಿದೆ."

ಇಬ್ಬರೂ ಮಾವಳ್ಳಿಗೆ ಬಂದಾಗ ನಲ್ಲಿಯಿಂದ ನೀರು ಸುರಿಯುತ್ತಿತ್ತು. ಸಾಲು ಸದ್ದಿಲ್ಲದೆ ಸರಿಯುತ್ತಿತ್ತು. ವಂಶಿ ನುಗ್ಗೆಮರಕ್ಕೆ ಕೈ ಹಾಕಿದ್ದೇ ತಡ, ಯಾರೋ ಅವನ ತೋಳು ಹಿಡಿದರು. ನೋಡಿದರೆ ದೊಡ್ಡಬೈರಪ್ಪ.

"ವೈರು ಬಿಚ್ಬೇಡಿ ಸಾಮಿ."

"ಇದ್ರಲ್ಲಿ ಏನೂ ಇಲ್ಲ ಮಾರಾಯ, ಕ್ಯಾಮೆರಾನೇ ಇಲ್ಲ. ಖಾಲಿ ವೈರು."

"ನಂಗೊತ್ತು ಖಾಲಿ ಅಂತ. ಸಾಹೇಬ್ರಿಗೆ ಗೊತ್ತಿಲ್ವಲ್ಲ. ಸಾಯಂಕಾಲ ಫೋನ್ ಮಾಡಿದ್ರು, ವೈರ್ ಇನ್ನೂ ಐತೇನೋ ಅಂತ. ಐತೆ ಸಾ ಅಂದೆ. ಹಂಗಾರೆ ಬಿಡು ನೀರು ಅಂದ್ರು." ಅವನು ಮೀನಾಳ ಕಡೆ ತಿರುಗಿದ, ತಲೆ ತಗ್ಗಿಸಿದ. "ನಿನ್ನೆ ಮುಚ್ಚಿದ್ದು ನಾನೇ ಅವ್ವ. ಕರೆಂಟ್ ಹೋದ್ರೆ ಮುಚ್ಚು ಅಂತ ಮೊದ್ಲೇ ಹೇಳಿದ್ರು. ನೀನು ಟೀವೀಲಿ ಕೀಲಿ ಹಿಡ್ದೋನು ಅಂದೆ, ನನ್ನೆಸ್ರು ಹೇಳ್ಲಿಲ್ಲ."

ಮೀನಾ ವಂಶಿಯ ಮುಖ ನೋಡಿದಳು. ವಂಶಿ ಮೂಲೆ ಅಂಗಡಿಯ ಫೋನಿನಿಂದ ಪಂಚಾಕ್ಷರಯ್ಯನವರಿಗೆ ವಿಷಯ ತಿಳಿಸಿದ. ಆ ಕಡೆಯಿಂದ ಅವರು ಹೇಳಿದ್ದಿಷ್ಟು: "ರಾಮೋತ್ಸವಕ್ಕೆ ಇನ್ನೂ ಒಂದೂವರೆ ತಿಂಗಳಿದೆ. ನೇತಾಡ್ಲಿ ಬಿಡು. ಆದ್ರೆ ಮೀನಾಗೆ ಹೇಳು, ದಿನಾ ಒಂದ್ಸಲ ನಲ್ಲಿ ಹತ್ರ ನಿಂತು ನೋಡ್ಕೊಂಡೇ ಆಫೀಸಿಗೆ ಬರಬೇಕು. ಇನ್ಮೇಲೆ ಆ ಸುದ್ದೀನ ಫೋನಲ್ಲಿ ಕೇಳಿ ಬರೆಯೋದಿಲ್ಲ ನಾನು."

ಮೀನಾ ಮನೆಯ ಕಡೆ ನಡೆದಳು. ಹೊಸ್ತಿಲಾಚೆ ಕತ್ತಲಲ್ಲಿ ಕಾಲಿಗೆ ಏನೋ ತಗುಲಿತು. ಬಗ್ಗಿ ನೋಡಿದಳು, ಚಪ್ಪಲಿ. ಎಂಟು ಜೊತೆಯೋ ಒಂಬತ್ತೋ, ಒಂದರ ಮೇಲೊಂದು ಬಿದ್ದಿದ್ದವು. ಒಳಗೆ ಟೀವಿಯಲ್ಲಿ ಹಾಡು ಬರುತ್ತಿತ್ತು. ಅವಳು ತನ್ನ ಜೊತೆಯನ್ನೂ ಅವುಗಳ ಪಕ್ಕ ಬಿಟ್ಟಳು.

"ಬಂದ್ಲು ನೋಡು ನಮ್ ಟೀವಿ," ಎಂದಳು ಮುನಿಯಮ್ಮ, ಜಾಗ ಬಿಡುತ್ತ.

ನಾರಾಯಣಮ್ಮ ಒಲೆಯ ಮುಂದೆ ಕೂತಿದ್ದರು. ಮಗಳ ಕಡೆ ತಿರುಗಿ ನೋಡಿದರು, ಸೆರಗಿನಿಂದ ಮೂಗು ಒರೆಸಿಕೊಂಡರು. ಹಂಡೆಯ ಮುಚ್ಚಳ ಸರಿಸಿದರು, ಹಬೆ ಎದ್ದಿತು.

"ನೀರು ಕಾದೈತೆ," ಎಂದರು. "ಹೋಗು, ಸ್ನಾನ ಮಾಡ್ಕೋ."